ದೊಡ್ಡ ಮನೆ ಖಾಲಿ ಖಾಲಿ ಅನಿಸುತ್ತಿದೆಯಾ? ಡಿಸೈನರ್ ಮೇಡಂಗೆ ಕೇಳಿ

ಅಡ್ಮಿನ್: ಇವತ್ತು ಸಂಜೆ ಕಲಬುರಗಿಯ ನಮ್ಮ ಇಂಟೀರಿಯರ್ ಡಿಸೈನರ್ ಮೇಡಂ ಗುಂಪಿನಲ್ಲಿ ಇರುತ್ತಾರೆ. ಮನೆ ದೊಡ್ಡದಿದ್ದರೂ ಬಂದವರಿಗೆ ಇನ್ನೂ ಸ್ವಲ್ಪ ಹೊತ್ತು ಕೂರೋಣ ಅನಿಸಬೇಕು, ಅದೇ ವಿಷಯ. ಒಬ್ಬರಿಗೆ ಒಂದು ಪ್ರಶ್ನೆ. ಫಾರ್ವರ್ಡ್ ಬೇಡ.

ಸೇಡಂ ರೋಡ್: ನಮಸ್ಕಾರ ಮೇಡಂ. ಹೊಸ ಮನೆ, ಹಾಲ್ 20×30 ಅಡಿ, ಡಬಲ್ ಹೈಟ್, ನೆಲಕ್ಕೆ ಹೊಳೆಯುವ ಟೈಲ್ಸ್. ಮಾತಾಡಿದರೆ ಗೋಳಗುಮ್ಮಟದ ಒಳಗೆ ನಿಂತ ಹಾಗೆ. ಬಂದವರು ಚಹಾ ಕುಡಿದು ಎದ್ದೇ ಬಿಡುತ್ತಾರೆ. ಏನು ತಂದಿಡಬೇಕು?

ಡಿಸೈನರ್: ನಮಸ್ಕಾರ. ಸದ್ಯ ಏನೂ ತರಬೇಡಿ, ಇರುವುದನ್ನು ಸರಿಸಿ. ನಿಮ್ಮ ಸೋಫಾಗಳೆಲ್ಲ ಗೋಡೆಗೆ ಅಂಟಿಕೊಂಡಿವೆ, ಅಲ್ವಾ? ಎದುರಿಗೆ ಕೂತವರು 18 ಅಡಿ ದೂರ ಇದ್ದರೆ ಕೂಗಿ ಮಾತಾಡಬೇಕು, ಯಾರಿಗೆ ಬೇಕು? 7–8 ಅಡಿ ಅಂತರಕ್ಕೆ ತನ್ನಿ. ಸೋಫಾದ ಹಿಂದೆ ಜಾಗ ಉಳಿದರೆ ಉಳಿಯಲಿ. ಉಳಿದರ್ಧ ಹಾಲಿನಲ್ಲಿ ಕಿಟಕಿ ಹತ್ತಿರ ಗಾದಿ, ಒರಗಲು ಲೋಡು ದಿಂಬು ಹಾಕಿ. ಮಕ್ಕಳು, ವಯಸ್ಸಾದವರು ಅಲ್ಲೇ ಹೋಗಿ ಕೂರುತ್ತಾರೆ, ನೋಡಿ.

ಸದ್ದು ಯಾಕೆ ತಿರುಗಿ ಬರುತ್ತದೆ ಅಂದರೆ ಹಾಲಿನಲ್ಲಿ ಇರುವುದೆಲ್ಲ ಗಟ್ಟಿ: ಟೈಲ್ಸ್, ಗಾಜು, ಗೋಡೆ. ಬಟ್ಟೆ ಬೇಕು. ನೆಲ ಮುಟ್ಟುವ ದಪ್ಪ ಪರದೆ, ದೊಡ್ಡ ಗೋಡೆಯ ಮೇಲೆ ಒಂದು ಕೌದಿ, ಕೆಳಗೆ ಜಮಖಾನೆ. ನವಲಗುಂದದ್ದು ಸಿಕ್ಕರೆ ಬಹಳ ಒಳ್ಳೆಯದು. ಸೋಫಾದ ಮುಂದಿನ ಕಾಲುಗಳು ಜಮಖಾನೆ ಮೇಲೆ ಬರುವಷ್ಟು ದೊಡ್ಡದಿರಲಿ. ನಡುವೆ ಟವೆಲ್ ಹಾಸಿದ ಹಾಗೆ ಚಿಕ್ಕದು ಹಾಕಿದರೆ ಹಾಲ್ ಇನ್ನೂ ಖಾಲಿ ಕಾಣುತ್ತದೆ.

ಬೆಳಕು: ಬಲ್ಬಿನ ಡಬ್ಬಿ ಮೇಲೆ 6500 ಕೆ (ಕೆಲ್ವಿನ್, ಬೆಳಕಿನ ಬಣ್ಣದ ಅಳತೆ) ಅಂತ ಇದ್ದರೆ ಅದು ಆಫೀಸಿನ ಬಿಳಿ ಬೆಳಕು. ಕೂರುವ ಜಾಗಕ್ಕೆ 2700ರಿಂದ 3000 ಕೆ, ಹಳದಿ ಛಾಯೆಯದು ತನ್ನಿ. ಮೇಲಿನದು ಒಂದೇ ಉರಿಯುವುದು ಬೇಡ, ಕೂತವರ ಮುಖದ ಎತ್ತರಕ್ಕೆ ಎರಡು ಮೂರು ದೀಪ ಇರಲಿ.

ಯಾದಗಿರಿ ಅಕ್ಕ: ನಮ್ಮದೂ ದೊಡ್ಡ ಹಾಲ್ ಮೇಡಂ. ಬಲ್ಬ್ ಯಾವುದು ಹಾಕಬೇಕು?

ಡಿಸೈನರ್: ಮೇಲೆ ಇದೆ. 2700–3000 ಕೆ.

ಶಹಾಬಾದ್: ಮೇಡಂ, ನಮ್ಮದು ಹಳೆಯ ಪರ್ಸಿ ಕಲ್ಲಿನ ನೆಲ. ಮಂಕಾಗಿದೆ. ಟೈಲ್ಸ್ ಹಾಕಿಸಿಬಿಡಲಾ?

ಡಿಸೈನರ್: ಆ ಕಲ್ಲಿಗೇ ಹೆಸರಾದ ಶಹಾಬಾದ್‌ನಲ್ಲಿ ಕೂತು ಟೈಲ್ಸ್ ಕೇಳುತ್ತೀರಲ್ಲ! ಬೇಡ. ನಮ್ಮ ಬಿಸಿಲಿಗೆ ಆ ಕಲ್ಲಿನಷ್ಟು ತಂಪು ಯಾವ ಟೈಲ್ಸೂ ಕೊಡಲ್ಲ. ಮಷಿನ್ ಪಾಲಿಶ್ ಮಾಡಿಸಿ, ಆಮೇಲೆ ಕಲ್ಲಿಗೆ ಹಾಕುವ ಸೀಲರ್ ಹಚ್ಚಿಸಿ.

ಜೇವರ್ಗಿ ಅಣ್ಣ: *ಫಾರ್ವರ್ಡ್ ಆಗಿದೆ* ಪರ್ಸಿ ಕನ್ನಡಿ ಹಾಗೆ ಹೊಳೆಯಲು: 4 ನಿಂಬೆಹಣ್ಣು, 1 ಕಪ್ ವಿನೆಗರ್, 2 ಚಮಚ ಅಡುಗೆ ಸೋಡಾ. ಕಲೆ ಹೋಗದಿದ್ದರೆ ಟಾಯ್ಲೆಟ್ ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್. ಎಲ್ಲರಿಗೂ ಕಳಿಸಿ 🙏

ಡಿಸೈನರ್: ಯಾರಿಗೂ ಕಳಿಸಬೇಡಿ. ಪರ್ಸಿ ಅಂದರೆ ಸುಣ್ಣದ ಕಲ್ಲು. ಹುಳಿ ಬಿದ್ದರೆ ಕಲ್ಲೇ ಕರಗುತ್ತದೆ. ಕಲ್ಲಿನ ಮೇಲೆ ಆಸಿಡ್ ಬಿದ್ದು ನೊರೆ ಬರುತ್ತದಲ್ಲ, ಅದು ಕೊಳೆ ಹೋಗುತ್ತಿರುವುದಲ್ಲ, ನಿಮ್ಮ ನೆಲ ಹೋಗುತ್ತಿರುವುದು. ಆಸಿಡ್ಡಿಗೆ ಬ್ಲೀಚಿಂಗ್ ಪೌಡರ್ ಸೇರಿದರೆ ಕ್ಲೋರಿನ್ ಗಾಳಿ ಬರುತ್ತದೆ. ಬಾಗಿಲು ಹಾಕಿದ ಬಚ್ಚಲಲ್ಲಿ ಅದು ಜೀವಕ್ಕೇ ಅಪಾಯ. ನೀರು, ಸ್ವಲ್ಪ ಸೋಪು, ಅಷ್ಟೇ ಸಾಕು.

ಜೇವರ್ಗಿ ಅಣ್ಣ: ನಮ್ಮ ಮನೇಲಿ ಯಾವಾಗಲೂ ಆಸಿಡ್ಡೇ ಹಾಕೋದು. ಏನೂ ಆಗಿಲ್ಲ.

ಶಹಾಬಾದ್: ಅಣ್ಣಾ, ನಿಮ್ಮ ನೆಲದ ಫೋಟೊ ಹಾಕಿ, ನೋಡೋಣ.

ವಾಡೆ ಮನೆ: ಮೇಡಂ, ನಮ್ಮದು ಆಳಂದ ಕಡೆ ಅಜ್ಜನ ಕಾಲದ ವಾಡೆ, ಹಳೆಯ ದೊಡ್ಡ ಮನೆ. ತಂಗಿಯ ಮದುವೆ ಇದೆ, ಬೀಗರು ಬಂದು ಉಳಿಯುತ್ತಾರೆ. ಪಡಸಾಲೆ 12×25 ಅಡಿ, ಮೇಲೆ ಮರದ ತೊಲೆ, ಜಂತಿ, ಅದರ ಮೇಲೆ ಮಣ್ಣಿನ ಮಾಳಿಗೆ (ಚಾವಣಿ). ಕತ್ತಲು ಕತ್ತಲು, ಮಣ್ಣೂ ಉದುರುತ್ತದೆ. ಜಿಪ್ಸಮ್ ಫಾಲ್ಸ್ ಸೀಲಿಂಗ್ ಹಾಕಿಸಿ ಒಳಗೆ ಲೈಟ್ ಕೊಟ್ಟು ನಡುವೆ ಝೂಮರ್ (ದೊಡ್ಡ ಗೊಂಚಲು ದೀಪ) ತೂಗು ಹಾಕಿದರೆ ಹೇಗೆ? ಗೋಡೆಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿ ಪೇಂಟ್ ಮಾಡಿಸುವ ಯೋಚನೆ. ಒಂದು ಮೂಲೆಯಲ್ಲಿ ಮಳೆಗಾಲದ ಕಲೆ ಇದೆ. ಒಳಗಿನ ಬಾಗಿಲೂ ಯಾಕೋ ಈಚೆಗೆ ಬಿಗಿ ಆಗಿದೆ.

ವಾಸ್ತು ಕಾಕಾ: ಬಾಗಿಲು ದಕ್ಷಿಣಕ್ಕಿದೆಯಾ?

ಬೀದರ್ ಹುಡುಗ: ಮೇಡಂ, ಹಾಲಿಗೆ ಎರಡು ದೊಡ್ಡ ಬಿದರಿ ಹೂದಾನಿ (ಕಪ್ಪು ಲೋಹಕ್ಕೆ ಬೆಳ್ಳಿ ಕೂರಿಸಿದ್ದು) ಇಡಬೇಕು ಅಂತ ಇದ್ದೇವೆ. ಬಿಳಿ ಗೋಡೆ ಮುಂದೆ ಚೆನ್ನಾಗಿ ಕಾಣುತ್ತವಾ?

ಡಿಸೈನರ್: ಬೀದರ್, ಕಾಣುತ್ತವೆ. ಮಿಕ್ಕವರು ಸ್ವಲ್ಪ ತಡೆಯಿರಿ.

ವಾಡೆ ಮನೆಯವರೇ, ಬಾಗಿಲಿನ ಮಾತನ್ನು ಎಲ್ಲಕ್ಕಿಂತ ಕೊನೆಗೆ ಹೇಳಿದಿರಿ. ನನಗೆ ಅದೇ ಮೊದಲು. ಮಳೆಗಾಲದಲ್ಲಿ ಮರ ಉಬ್ಬಿ ಬಾಗಿಲು ಬಿಗಿ ಆಗುವುದು ಬೇರೆ. ಬೇಸಿಗೆಯಲ್ಲೂ ಬಿಗಿ ಇದ್ದರೆ ಚೌಕಟ್ಟಿನ ಮೇಲೆ ಭಾರ ಕೂತಿರಬಹುದು. ಇದಕ್ಕೆ ಉತ್ತರ ಹೇಳಿ: ಕಲೆ ಇರುವ ಮೂಲೆಯೂ ಆ ಬಾಗಿಲೂ ಒಂದೇ ಕಡೆ ಇವೆಯಾ? ತೊಲೆ ಗೋಡೆಯೊಳಗೆ ಹೋಗುವ ಜಾಗದಲ್ಲಿ ಸ್ಕ್ರೂ ಡ್ರೈವರ್ ಚುಚ್ಚಿದರೆ ಒಳಗೆ ಹೋಗುತ್ತದಾ? ತೊಲೆ ನಡುವೆ ಬಗ್ಗಿದೆಯಾ? ಪಡಸಾಲೆಯಲ್ಲಿ ಯಾರು ಮಲಗುತ್ತಾರೆ?

ವಾಡೆ ಮನೆ: ಹೌದು, ಒಂದೇ ಕಡೆ. ಚುಚ್ಚಿ ನೋಡಿದೆ, ಒಂದು ಇಂಚು ಮೆತ್ತಗೆ ಹೋಯಿತು. ಅವ್ವ ಅಲ್ಲೇ ಮಲಗುತ್ತಾಳೆ.

ಡಿಸೈನರ್: ಇವತ್ತು ರಾತ್ರಿಯಿಂದ ಅವ್ವನ ಹಾಸಿಗೆ ಬೇರೆ ಕೋಣೆಗೆ. ಮೇಲೆ ಎಷ್ಟು ಭಾರ ಇದೆ ಗೊತ್ತಾ? ಒಂದು ಅಡಿ ದಪ್ಪ ಮಣ್ಣು ಅಂದರೆ ಚದರಡಿಗೆ ಸುಮಾರು 45 ಕೆಜಿ. ನಿಮ್ಮ 300 ಚದರಡಿಗೆ 13 ಟನ್ನಿನ ಮೇಲೆ, ಅದೂ ಒಣಗಿದ್ದಾಗ. ನಮ್ಮ ಕಡೆ ಮಳೆಗೆ ಮುಂಚೆ ಮಾಳಿಗೆಗೆ ಹೊಸ ಮಣ್ಣು ಹಾಕುತ್ತಾರೆ, ಹಳೆಯದನ್ನು ಯಾರೂ ತೆಗೆಯುವುದಿಲ್ಲ. ಅಜ್ಜ ಕಟ್ಟಿಸಿದಾಗ ಇದ್ದ ದಪ್ಪವೇ ಈಗಲೂ ಇದೆ ಅಂದುಕೊಳ್ಳಬೇಡಿ. ತೊಲೆ ಮಾತ್ರ ಅದೇ, ಅದರ ತುದಿ ಗೋಡೆಯೊಳಗೆ ನೀರು ಕುಡಿದು ಮೆತ್ತಗಾಗಿದೆ.

ಇದರ ಕೆಳಗೆ ಫಾಲ್ಸ್ ಸೀಲಿಂಗ್ ಹಾಕಿದರೆ ಮನೆ ಚಂದ ಕಾಣುತ್ತದೆ, ನಿಜ. ಆದರೆ ತೊಲೆ ಬಿರುಕು ಬಿಟ್ಟರೆ, ಗೆದ್ದಲು ಹತ್ತಿದರೆ, ನೀರು ಇಳಿದರೆ ನಿಮಗೆ ಕಾಣುವುದೇ ಇಲ್ಲ. ಈಗ ಮಣ್ಣು ಉದುರಿ ನಿಮಗೆ ಏನೋ ಹೇಳುತ್ತಿದೆ, ನೀವು ಅದರ ಬಾಯಿಗೆ ಬೋರ್ಡ್ ಹೊಡೆಯಲು ಹೊರಟಿದ್ದೀರಿ. ಆ ತೊಲೆಗೆ ಝೂಮರ್ ಅಂತೂ ಬೇಡವೇ ಬೇಡ.

ಸಿಮೆಂಟ್ ಪ್ಲಾಸ್ಟರೂ ಬೇಡ. ಮಣ್ಣು ಕಲ್ಲಿನ ಗೋಡೆ ಒಳಗಿನ ತೇವ ಹೊರಗೆ ಬಿಡುತ್ತದೆ. ಸಿಮೆಂಟ್ ಹಚ್ಚಿದರೆ ತೇವ ಒಳಗೇ ನಿಂತು ತೊಲೆಯ ತುದಿಗೇ ಹೋಗುತ್ತದೆ. ಸುಣ್ಣದ ಗಾರೆ, ಸುಣ್ಣದ ಬಣ್ಣ ಸಾಕು. ಹಳೆಯ ಕಟ್ಟಡ ಗೊತ್ತಿರುವ ಸ್ಟ್ರಕ್ಚರಲ್ ಇಂಜಿನಿಯರ್ ಬಂದು ನೋಡಲಿ. ಅದಕ್ಕೂ ಮುಂಚೆ ಯಾರೂ ಮಾಳಿಗೆ ಹತ್ತಬೇಡಿ, ಮಣ್ಣು ತೆಗೆಯುವುದಕ್ಕೂ ಬೇಡ.

ಜೇವರ್ಗಿ ಅಣ್ಣ: ಇಷ್ಟೆಲ್ಲ ಯಾಕೆ? ಕೆಡವಿ ಆರ್‌ಸಿಸಿ ಹಾಕಿ, ಮುಗೀತು.

ಶಹಾಬಾದ್: ಅಣ್ಣಾ, ಎರಡು ಅಡಿ ದಪ್ಪದ ಗೋಡೆ. ಮೇ ತಿಂಗಳ ಮಧ್ಯಾಹ್ನ ಅವರ ಮನೆ, ನಿಮ್ಮ ಸ್ಲ್ಯಾಬ್ ಮನೆ ಎರಡರಲ್ಲೂ ಕೂತು ನೋಡಿ, ಆಮೇಲೆ ಹೇಳಿ.

ಜೇವರ್ಗಿ ಅಣ್ಣ: ನಮ್ಮಲ್ಲಿ ಎಸಿ ಇದೆ.

ಶಹಾಬಾದ್: ಕರೆಂಟ್ ಬಿಲ್ ಫೋಟೊನೂ ಹಾಕಿ.

ವಾಸ್ತು ಕಾಕಾ: ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ. ದಕ್ಷಿಣದ ಬಾಗಿಲು ಇದ್ದರೆ ಮನೆ ಹೀಗೇ ಆಗೋದು. ಒಂದು ಹಿತ್ತಾಳೆ ಪಿರಮಿಡ್ ಇಟ್ಟರೆ ಸಾಕು.

ಡಿಸೈನರ್: ಕಾಕಾ, ಪಿರಮಿಡ್ 13 ಟನ್ ಹೊರುತ್ತದಾ?

ವಾಸ್ತು ಕಾಕಾ: ಹಿರಿಯರಿಗೆ ಹೀಗಾ ಮಾತಾಡೋದು?

ಯಾದಗಿರಿ ಅಕ್ಕ: ಗೆದ್ದಲಿಗೆ ಸುಟ್ಟ ಎಂಜಿನ್ ಆಯಿಲ್‌ಗೆ ಸೀಮೆಎಣ್ಣೆ ಬೆರೆಸಿ ತೊಲೆಗೆ ಹಚ್ಚಿ ಅಂತ ನಮ್ಮ ಇನ್ನೊಂದು ಗುಂಪಲ್ಲಿ ಬಂದಿತ್ತು.

ಡಿಸೈನರ್: ಮದುವೆ ಮನೆ, ದೀಪ, ಒಲೆ, ಸೀರಿಯಲ್ ಸೆಟ್. ತೊಲೆಗೆ ಸೀಮೆಎಣ್ಣೆ. ಅಕ್ಕಾ, ದಯವಿಟ್ಟು ಆ ಗುಂಪಿನ ಔಷಧಗಳನ್ನು ಅಲ್ಲೇ ಬಿಡಿ.

ಬೀದರ್ ಹುಡುಗ: ಬಿದರಿಯನ್ನು ನಿಂಬೆಹಣ್ಣು ಹಾಕಿ ತಿಕ್ಕಿದರೆ ಬೆಳ್ಳಿ ಹೊಳೆಯುತ್ತಂತೆ, ಹೌದಾ?

ಡಿಸೈನರ್: ಬೀದರ್‌ನವರೇ ಇದನ್ನು ಕೇಳಬೇಕಾ! ಅದರ ಕಪ್ಪು ಬಣ್ಣ ಬರುವುದೇ ಬೀದರ್ ಕೋಟೆಯ ಮಣ್ಣು, ನವಸಾಗರ ಅನ್ನುವ ಉಪ್ಪು ಬೆರೆಸಿದ ನೀರಿನಲ್ಲಿ ಕುದಿಸಿ. ತಾಮ್ರ ಸ್ವಲ್ಪ, ಸತು ಬಹಳ ಇರುವ ಲೋಹ ಅದು. ನಿಂಬೆಹಣ್ಣು ತಿಕ್ಕಿದರೆ ಕಪ್ಪು ಹೋಗುತ್ತದೆ. ಮೆತ್ತನೆ ಬಟ್ಟೆಗೆ ಒಂದು ಹನಿ ಕೊಬ್ಬರಿ ಎಣ್ಣೆ, ಅಷ್ಟೇ.

ಜೇವರ್ಗಿ ಅಣ್ಣ: ಆನ್‌ಲೈನ್‌ನಲ್ಲಿ ಬಿದರಿ ಬಹಳ ಅಗ್ಗ ಸಿಗುತ್ತೆ.

ಬೀದರ್ ಹುಡುಗ: ಅದು ಕಪ್ಪು ಪೇಂಟ್ ಅಣ್ಣಾ. ಬಿದರಿಗೆ 2006ರಲ್ಲೇ ಜಿಐ ಟ್ಯಾಗ್ (ಆ ಊರಿನದ್ದೇ ಅನ್ನುವ ಸರ್ಕಾರಿ ಗುರುತು) ಬಂದಿದೆ. 2023ರಲ್ಲಿ ಬಿದರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಕೈಯಿಂದ ಬೆಳ್ಳಿ ತಂತಿ ಕೂರಿಸುವವರಿಗೆ ನಿಮ್ಮ ಅಗ್ಗದ ರೇಟು ಗಿಟ್ಟುತ್ತಾ?

ಜೇವರ್ಗಿ ಅಣ್ಣ: ರೇಟು ಹೇಳಿದೆ ಅಷ್ಟೇ. ಈ ಗುಂಪಲ್ಲಿ ಬಾಯಿ ತೆಗೆದರೆ ತಪ್ಪು.

ಅಡ್ಮಿನ್: ಬಿದರಿ ಮಾತು ಇಲ್ಲಿಗೆ ಸಾಕು.

ಹುಮನಾಬಾದ್: ಮೇಡಂ, ದೇವರ ಮನೆಗೆ ಯಾವ ಬಣ್ಣ? ಎರಡನೇ ಸಲ ಕೇಳುತ್ತಿದ್ದೇನೆ.

ಸೇಡಂ ರೋಡ್: ಮೇಡಂ, ಸೋಫಾ ಸರಿಸಿದೆವು. ಈಗ ಟಿವಿ ಯಾವ ಗೋಡೆಗೆ?

ಚಿತ್ತಾಪುರ: ದೊಡ್ಡ ಹಾಲಿಗೆ ಯಾವ ಬಲ್ಬ್ ಒಳ್ಳೆಯದು ಮೇಡಂ?

ಡಿಸೈನರ್: ಮೇಲೆ ಓದಿ. ಮೂರನೇ ಸಲ ಬರೆಯುವುದಿಲ್ಲ.

ವಾಡೆ ಮನೆ: ಹಾಗಾದರೆ ನಮ್ಮ ಪಡಸಾಲೆಗೆ ಅಲಂಕಾರವೇ ಬೇಡವಾ ಮೇಡಂ? ಬೀಗರು ಏನಂದಾರು?

ಡಿಸೈನರ್: ಬೇಕು, ತೊಲೆ ಗಟ್ಟಿ ಆದ ಮೇಲೆ. ಆಗಲೂ ಜಂತಿ ಮುಚ್ಚಬೇಡಿ. ಆ ಮರ, ಆ ಕಂಬ ಇರುವ ಮನೆಗೆ ಹೊಸ ಬಡಾವಣೆಯವರು ಲಕ್ಷಗಟ್ಟಲೆ ಸುರಿದರೂ ಸಾಟಿ ಬರಲ್ಲ. ಮುಚ್ಚಿದ ಬೆಳಕಿಂಡಿ ತೆರೆಸಿ, ಗಾಜು ಹಾಕಿಸಿ, ಹಗಲಿನ ಅರ್ಧ ಕತ್ತಲು ಅಲ್ಲಿಗೇ ಹೋಗುತ್ತದೆ. ಗೋಡೆಗೆ ಸುಣ್ಣ. ಗೂಡುಗಳಲ್ಲಿ 2700 ಕೆ ಸಣ್ಣ ದೀಪ. ಮರಕ್ಕೆ ಅಗಸೆ ಎಣ್ಣೆ ಹಚ್ಚಿ. ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿಯೇ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಗಿಸಿ. ಕೆಳಗೆ ಜಮಖಾನೆ, ಮೇಲೆ ಅವ್ವ ಹೊಲಿದ ಕೌದಿ ಇದ್ದರೆ ಅದೂ. ಮದುವೆಯೊಳಗೆ ಕೆಲಸ ಮುಗಿಯದಿದ್ದರೆ ಬೀಗರಿಗೆ ಅಂಗಳದಲ್ಲಿ ಹಂದರ ಹಾಕಿಸಿ, ಪಡಸಾಲೆಗೆ ಬೀಗ ಹಾಕಿ.

ವಾಸ್ತು ಕಾಕಾ: ಅಂಗಳ ಯಾವ ದಿಕ್ಕಿಗೆ ಅಂತ ಒಬ್ಬರೂ ಕೇಳಲಿಲ್ಲ. ನಾನು ಗುಂಪು ಬಿಡುತ್ತೇನೆ.

ಅಡ್ಮಿನ್: ಕಾಕಾ, ಇರಿ. ಮೇಡಂ ಬೇಜಾರಲ್ಲಿ ಅಂದಿದ್ದು.

ಡಿಸೈನರ್: ಬೇಜಾರಲ್ಲ, ನಿಜವಾಗಿ ಕೇಳಿದೆ.

ವಾಡೆ ಮನೆ: ಅವ್ವನ ಹಾಸಿಗೆ ಅಡುಗೆಮನೆ ಕಡೆ ಹಾಕಿದೆವು. ಇಂಜಿನಿಯರ್ ನಾಳೆ ಬರುತ್ತಾರೆ. ಬಡಗಿ ಇಲ್ಲೇ ಇದ್ದಾನೆ, ಬಾಗಿಲು ಸ್ವಲ್ಪ ಕೆತ್ತಿ ಸಡಿಲ ಮಾಡಿಕೊಡಲಾ ಅಂತಿದ್ದಾನೆ.

ಡಿಸೈನರ್: ಮುಟ್ಟಬೇಡ ಅನ್ನಿ. ಚೌಕಟ್ಟು ಭಾರ ಹೊತ್ತಿದ್ದರೆ ಅದನ್ನು ಅಲುಗಾಡಿಸುವುದು ಸರಿಯಲ್ಲ. ಬಾಗಿಲು ಯಾವ ಮೂಲೆಯಲ್ಲಿ, ಎಷ್ಟು ಉಜ್ಜುತ್ತಿದೆ ಅನ್ನುವುದು ಇಂಜಿನಿಯರಿಗೆ ಹಾಗೇ ಕಾಣಬೇಕು. ಅವರು ಏನಂದರು ಅಂತ ನಾಳೆ ನನಗೆ ಬರೆಯಿರಿ.