ತರಕಾರಿ ಇಲ್ದೆ ಆರ್ಕ್ಟಿಕ್ ಜನ ಹೇಗೆ ಗಟ್ಟಿಯಾಗಿದ್ರು?

ಪ್ರಶ್ನೆ: ಗ್ರೀನ್‌ಲ್ಯಾಂಡ್, ಅಲಾಸ್ಕಾ ಕಡೆ ಮೂಲನಿವಾಸಿಗಳು ತಲೆಮಾರುಗಳಿಂದ ಸಾಲ್ಮನ್, ಚಾರ್ ಮೀನು, ಸೀಲ್ ಇದನ್ನೇ ತಿಂದ್ಕೊಂಡು ಬಂದಿದ್ದಾರೆ, ಸೊಪ್ಪು ತರಕಾರಿ ತೀರಾ ಕಮ್ಮಿ. ತಣ್ಣೀರಿನ ಮೀನಲ್ಲಿ ಅಂಥದ್ದೇನಿದೆ? ಗೊತ್ತಿದ್ದೋರು ಹೇಳಿ.

ಉತ್ತರ 1: ಮುಖ್ಯವಾಗಿ ಕೊಬ್ಬು ಸಾರ್. ಬೆಣ್ಣೆ ಥರ ಗಟ್ಟಿಯಾಗೋ ಕೊಬ್ಬಾದ್ರೆ ಆ ಚಳೀಲಿ ಮೀನಿನ ಜೀವಕೋಶದ ಪೊರೆನೇ ಬಿಗಿದುಬಿಡುತ್ತೆ, ಅದಕ್ಕೆ ಅಲ್ಲಿ ಮೀನಿನ ಮೈಯಲ್ಲಿ ಒಮೆಗಾ-3, ಅಂದ್ರೆ ಚಳೀಲೂ ಗಟ್ಟಿಯಾಗದ ಒಂದು ಥರದ ಕೊಬ್ಬು, ಜಾಸ್ತಿ ಇರುತ್ತೆ. ಚಳಿಗಾಲದಲ್ಲಿ ಬಿಸಿಲೇ ಸರಿಯಾಗಿ ಇರಲ್ವಲ್ಲ, ವಿಟಮಿನ್ ಡಿ ಕೂಡ ಈ ಮೀನಿಂದಲೇ. 1970ರ ದಶಕದಲ್ಲಿ ಡೆನ್ಮಾರ್ಕಿನ ಬ್ಯಾಂಗ್, ಡೈಯರ್‌ಬರ್ಗ್ ಅನ್ನೋ ಸಂಶೋಧಕರು ಗ್ರೀನ್‌ಲ್ಯಾಂಡಿನ ಇನ್ಯೂಟ್ ಜನರ ರಕ್ತ ಪರೀಕ್ಷೆ ಮಾಡಿದ್ಮೇಲೇ ಒಮೆಗಾ-3 ಬಗ್ಗೆ ಇಷ್ಟು ಮಾತು ಶುರುವಾಗಿದ್ದು.

ಉತ್ತರ 2: ಬರೀ ಮೀನು ಅಂದ್ಕೋಬೇಡಿ. ವಿಟಮಿನ್ ಸಿ ತಿಮಿಂಗಿಲದ ಹಸಿ ಚರ್ಮದಲ್ಲಿದೆ, ಬೇಯಿಸಿದ್ರೆ ಹಾಳಾಗುತ್ತೆ, ಅದನ್ನ ಹಸಿಯಾಗೇ ತಿನ್ನೋದು ಎಂಥಾ ತಿಳುವಳಿಕೆ ನೋಡಿ! ಆಮೇಲೆ ಅವರ ಜೀನ್‌ಗಳೇ ಈ ಕೊಬ್ಬಿಗೆ ಹೊಂದಿಕೊಂಡಿವೆ ಅಂತ 2015ರಲ್ಲಿ ಗೊತ್ತಾಯ್ತು, ಹಾಗಾಗಿ ಅವರ ಡಯಟ್ ಕಾಪಿ ಮಾಡಿದ್ರೆ ನಮಗೂ ಅದೇ ಫಲ ಸಿಗುತ್ತೆ ಅಂತ ಹೇಳೋಕಾಗಲ್ಲ.

ಉತ್ತರ 3: ಕೆನಡಾದ ಪಶ್ಚಿಮ ಕರಾವಳೀಲಿ ನಿಸ್ಗಾ ಅನ್ನೋ ಮೂಲನಿವಾಸಿ ಜನ ಯೂಲಕಾನ್ ಅನ್ನೋ ಚಿಕ್ಕ ಮೀನು ಹಿಡಿದು, ಸ್ವಲ್ಪ ದಿನ ಹಾಗೇ ಇಟ್ಟು, ಬಿಸಿ ನೀರಲ್ಲಿ ಕಾಯಿಸಿ ಮೇಲೆ ತೇಲೋ ಎಣ್ಣೆ ತೆಗೀತಾರೆ. ಆ ಮೀನು ಒಣಗಿಸಿ ಬೆಂಕಿ ಹಚ್ಚಿದ್ರೆ ಮೇಣದಬತ್ತಿ ಥರ ಉರಿಯುತ್ತೆ, ಅಷ್ಟು ಎಣ್ಣೆ! ಅಂದಹಾಗೆ ಒಮೆಗಾ-3 ಬೇಕು ಅಂತ ದುಬಾರಿ ಸಾಲ್ಮನ್ ಹುಡುಕಬೇಡಿ, ಮಂಗಳೂರಿನ ಬೂತಾಯಿ, ಬಂಗುಡೆನಲ್ಲೂ ಚೆನ್ನಾಗೇ ಇದೆ.