ಅಧ್ಯಕ್ಷರಿಗೆ ವಯಸ್ಸಾಗಿದೆ, ಟ್ರಸ್ಟ್ ಎಲ್ಲಾ ಅವರ ಕೈಯಲ್ಲೇ ಇದೆ. ಮುಂದೆ ಹೇಗೆ?

ಅಥಣಿಯ ಅಕ್ಕ ಕೇಳಿದ್ದು:
ನಮ್ಮದು ಐದು ಜನ ಟ್ರಸ್ಟಿಗಳ ಸಣ್ಣ ಟ್ರಸ್ಟ್. ಬಡ ಮಕ್ಕಳ ಫೀ, ಪುಸ್ತಕ ನೋಡಿಕೊಳ್ಳುತ್ತೇವೆ. ಮೀಟಿಂಗ್‌ಗೆ ಬರೋದು ಇಬ್ಬರೇ. ಲೆಕ್ಕ, ಚೆಕ್‌ಬುಕ್ ಎಲ್ಲಾ ಅಧ್ಯಕ್ಷರ ಹತ್ತಿರ. ಅವರಿಗೆ 78 ವರ್ಷ. ಅನುಭವ ಇದ್ದವರು ದಯವಿಟ್ಟು ಹೇಳಿ.

ಬಾಗಲಕೋಟೆಯಿಂದ:
ಅಕ್ಕಾ, ಮೊದಲು ಟ್ರಸ್ಟ್ ಡೀಡ್, ಅಂದರೆ ಟ್ರಸ್ಟಿನ ನಿಯಮ ಬರೆದಿರೋ ಪತ್ರ, ತೆಗೆದು ಪೂರ್ತಿ ಓದಿ. ನಾವು ಓದಿರಲಿಲ್ಲ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ನವನಗರದಲ್ಲಿ ನಮ್ಮದೂ ಸಣ್ಣ ಟ್ರಸ್ಟ್. ಹಳ್ಳಿಯಿಂದ ಬಂದು ಓದುವ ಹನ್ನೊಂದು ಹೆಣ್ಣುಮಕ್ಕಳಿಗೆ ರೂಮು, ಊಟ. ಅಧ್ಯಕ್ಷರು ರಿಟೈರ್ಡ್ ಮಾಸ್ತರರು, ದೇವರಂಥ ಮನುಷ್ಯ. ಚೆಕ್‌ಗೆ ಅವರೊಬ್ಬರದೇ ಸಹಿ. ಒಂದು ದಿನ ಹಠಾತ್ತಾಗಿ ತೀರಿಕೊಂಡರು. ಬ್ಯಾಂಕಿನವರು ಠರಾವು, ಅಂದರೆ ಮೀಟಿಂಗ್‌ನಲ್ಲಿ ಆದ ನಿರ್ಣಯ, ಬರೆದು ತನ್ನಿ ಅಂದರು. ಡೀಡ್ ನೋಡಿದರೆ ಕೋರಂಗೆ, ಅಂದರೆ ಮೀಟಿಂಗ್ ನಡೆಯೋಕೆ, ಕನಿಷ್ಠ ಮೂವರು ಬೇಕು ಅಂತಿದೆ. ಉಳಿದ ನಾಲ್ವರಲ್ಲಿ ಒಬ್ಬರು ಪುಣೆಯಲ್ಲಿ ಮಗನ ಮನೆಯಲ್ಲಿ, ಇನ್ನೊಬ್ಬರು ಫೋನೇ ಎತ್ತುವುದಿಲ್ಲ. ದುಡ್ಡು ಖಾತೆಯಲ್ಲೇ ಇದೆ, ಮುಟ್ಟೋ ಹಾಗಿಲ್ಲ. ನಾಲ್ಕು ತಿಂಗಳು ಖಾನಾವಳಿಯ ಅಮ್ಮ ಮಕ್ಕಳಿಗೆ ಉದ್ರಿ ಊಟ ಹಾಕಿದರು. ಆಕೆಯ ಉದ್ರಿ ಪುಸ್ತಕದಲ್ಲಿ ನಮ್ಮ ಟ್ರಸ್ಟ್ ಹೆಸರಿನ ಕೆಳಗೆ ದಿನಕ್ಕೊಂದು ಸಾಲು, ಪುಟದ ಮೇಲೆ ಪುಟ ತುಂಬಿತ್ತು. ನೋಡಿ ಕಣ್ಣಲ್ಲಿ ನೀರು ಬಂತು.

ಕೊನೆಗೆ ನಾನೇ ಪುಣೆಗೆ ಹೋಗಿ ಆ ಕಾಕಾನನ್ನು ಕರೆದುಕೊಂಡು ಬಂದೆ. ಹೊಸದಾಗಿ ಇಬ್ಬರನ್ನು ಸೇರಿಸಿಕೊಂಡೆವು, ಡೀಡ್‌ನಲ್ಲಿ ಏಳು ಜನರವರೆಗೆ ಅವಕಾಶ ಇತ್ತು. ಈಗ ಚೆಕ್‌ಗೆ ಮೂವರಲ್ಲಿ ಯಾರಾದರೂ ಇಬ್ಬರ ಸಹಿ ಸಾಕು.

ಇನ್ನೊಂದು, ಠರಾವು ಪುಸ್ತಕ ಮನೆಗೆ ಒಯ್ದು ಆಮೇಲೆ ಬರೆಯೋ ಅಭ್ಯಾಸ ಬೇಡ. ಅಲ್ಲೇ ಕೂತು ಬರೆದು, ಗಟ್ಟಿಯಾಗಿ ಓದಿ, ಎಲ್ಲರ ಸಹಿ ಹಾಕಿಸಿ. ಒಪ್ಪದವರ ಮಾತನ್ನೂ ಬರೆಯಿರಿ. ಬಾರದೇ ಇರುವ ಟ್ರಸ್ಟಿಯನ್ನು ನಮಗೆ ಬೇಕಾದ ಹಾಗೆ ತೆಗೆಯಲು ಬರೋದಿಲ್ಲ, ಡೀಡ್ ಏನು ಹೇಳುತ್ತೆ ಅದರಂತೆಯೇ ಹೋಗಬೇಕು, ಆದರೆ ಮನೆಗೆ ಹೋಗಿ ಮರ್ಯಾದೆಯಿಂದ ಕೇಳಿದರೆ ಎಷ್ಟೋ ಜನ ತಾವೇ ರಾಜೀನಾಮೆ ಬರೆದು ಕೊಡುತ್ತಾರೆ. ಸುಮ್ನೆ ಹೆಸರಿಗೆ ಇದ್ದರೂ ಜವಾಬ್ದಾರಿ ತಪ್ಪೋದಿಲ್ಲ ಅನ್ನೋದು ಅವರಿಗೂ ಗೊತ್ತಾಗಬೇಕು ಅಲ್ವಾ.

ವಿಜಯಪುರದಿಂದ:
ಅಣ್ಣನವರು ಹೇಳಿದ್ದು ಸರಿ. ನನ್ನದು ಲೆಕ್ಕದ ಮಾತು. ನಾವು ಒಬ್ಬ ಟ್ರಸ್ಟಿಯ ಭಾವನ ಅಂಗಡಿಯಿಂದ ಹೊಲಿಗೆ ಮಷಿನ್ ತಗೊಂಡಿದ್ದೆವು. ರೇಟು ಸರಿಯಾಗೇ ಇತ್ತು, ಆದರೆ ಬೇರೆ ಎಲ್ಲೂ ಕೊಟೇಶನ್ ಕೇಳಿರಲಿಲ್ಲ. ಆಡಿಟರ್ ಎದುರಿಗೆ ಕೂರಿಸಿಕೊಂಡು ಕೇಳಿದಾಗ ಉತ್ತರ ಇರಲಿಲ್ಲ. ಟ್ರಸ್ಟಿಗೋ ಅವರ ಹತ್ತಿರದ ಸಂಬಂಧಿಕರಿಗೋ ಟ್ರಸ್ಟ್ ದುಡ್ಡಿನಿಂದ ಲಾಭ ಆದರೆ ತೆರಿಗೆ ವಿನಾಯಿತಿಗೇ ಕುತ್ತು. ಈಗ ಮೂರು ಕೊಟೇಶನ್ ತರಿಸುತ್ತೇವೆ, ಸಂಬಂಧ ಇರೋ ಟ್ರಸ್ಟಿ ಆ ವಿಷಯ ಬಂದಾಗ ಎದ್ದು ಹೊರಗೆ ಹೋಗುತ್ತಾರೆ, ಅದೂ ಠರಾವಿನಲ್ಲಿ ಬರುತ್ತೆ. ದಾನ ಆದಷ್ಟು ಬ್ಯಾಂಕ್ ಮೂಲಕವೇ ತಗೊಳ್ಳಿ. 2,000 ರೂಪಾಯಿಗಿಂತ ಜಾಸ್ತಿ ನಗದು ಕೊಟ್ಟರೆ ದಾನಿಗೆ 80ಜಿ ಅಂತಾರಲ್ಲ, ಆ ಆದಾಯ ತೆರಿಗೆ ರಿಯಾಯಿತಿ ಸಿಗೋದಿಲ್ಲ.

ಬೆಳಗಾವಿಯಿಂದ:
ಹಿರಿಯರ ಮುಂದೆ "ನಿಮ್ಮ ನಂತರ" ಅನ್ನೋದು ಬಹಳ ಕಷ್ಟ. ನಾನು ನಮ್ಮ ಅಜ್ಜನಂಥ ಅಧ್ಯಕ್ಷರಿಗೆ ಕೆಎಲ್‌ಇ ಶಿಕ್ಷಣ ಸಂಸ್ಥೆಯ ಮಾತು ತೆಗೆದೆ. 1916ರಲ್ಲಿ ಇಲ್ಲೇ ಬೆಳಗಾವಿಯಲ್ಲಿ ಅದನ್ನು ಕಟ್ಟಿದ್ದು ಏಳು ಜನ ಸೇರಿ, ನೀವೂ ಇನ್ನಿಬ್ಬರನ್ನು ನಿಮ್ಮ ಕೈಯಾರೆ ತಯಾರು ಮಾಡಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಮಾರನೇ ವಾರ ತಾವೇ ಒಬ್ಬ ಹುಡುಗಿಯ ಹೆಸರು ಹೇಳಿದರು. ನಮ್ಮ ಟ್ರಸ್ಟ್‌ನಿಂದಲೇ ಓದಿ ಈಗ ಟೀಚರ್ ಆಗಿರುವವಳು.

ಅಥಣಿಯ ಅಕ್ಕ:
ಎಲ್ಲರಿಗೂ ಶರಣು. ಡೀಡ್ ಅಧ್ಯಕ್ಷರ ಮನೆಯ ಟ್ರಂಕಿನಲ್ಲಿದೆಯಂತೆ. ನಾಳೆ ಸಂಜೆ ಹೋಗಿ, ಅವರ ಜೊತೆಗೇ ಕೂತು ಓದುತ್ತೇನೆ.