‘ಹತ್ತು ಪಟ್ಟು’ ಮೆಸೇಜು ಮತ್ತು ನಮ್ಮ ಮನೆ ಗುಂಪು

ಭಾನುವಾರ ಬೆಳಿಗ್ಗೆ ದೊಡ್ಡಪ್ಪ ನಮ್ಮ ಮನೆಯವರ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜು ಹಾಕಿದರು. ವರ್ಷಗಳಿಂದ ಸುತ್ತುತ್ತಿರುವ ಮೆಸೇಜು ಅದು, ನಿಮಗೂ ಬಂದಿರುತ್ತದೆ. ಅಪಘಾತದಲ್ಲಿ ತೀರಿಕೊಂಡವರು ಹಿಂದಿನ ಮೂರು ವರ್ಷ ಆದಾಯ ತೆರಿಗೆ ರಿಟರ್ನ್ ಸಲ್ಲಿಸಿದ್ದರೆ, ಅವರ ಸರಾಸರಿ ವರ್ಷದ ಆದಾಯದ ಹತ್ತು ಪಟ್ಟು ಹಣವನ್ನು ಸರ್ಕಾರ ಮನೆಯವರಿಗೆ ಕೊಡಲೇಬೇಕಂತೆ. ಯಾರಿಗೂ ಈ ಕಾನೂನು ಗೊತ್ತಿಲ್ಲವಂತೆ. ಎಲ್ಲರಿಗೂ ಕಳಿಸಬೇಕಂತೆ.

ದೊಡ್ಡಪ್ಪ: ಬೈಕ್ ಓಡಿಸುವ ಮಕ್ಕಳೆಲ್ಲ ಮೊದಲು ಓದಿ. ರಿಟರ್ನ್ ಹಾಕದವರು ಈ ವರ್ಷವೇ ಹಾಕಿ. ನಾಳೆ ಹೆಚ್ಚುಕಮ್ಮಿ ಆದರೆ ಅಪ್ಪ ಅಮ್ಮನ ಗತಿ ಏನು?

ತುಮಕೂರು ಅತ್ತೆ: ಒಳ್ಳೆ ವಿಷಯ ಅಣ್ಣ. ನಮ್ಮ ಬೀದಿ ಗುಂಪಿಗೂ ಹಾಕಿದೆ.

ತಂಗಿ: ನಾನೂ ಹಾಕಬೇಕಾ ದೊಡ್ಡಪ್ಪ? ನಾನು ಹೋದರೆ ಅಮ್ಮನಿಗೆ ಎಷ್ಟು ಬರುತ್ತೆ?

ತುಮಕೂರು ಅತ್ತೆ: ಬಿಡ್ತು ಅನ್ನು! ಬೆಳಿಗ್ಗೆ ಬೆಳಿಗ್ಗೆ ಎಂಥಾ ಮಾತು.

ಭಾವ: ಮಾವ, ಇದು ಎಲ್ಲಿಂದ ಬಂತು? ತೀರ್ಪಿನ ಪ್ರತಿ ಇದ್ದರೆ ಹಾಕಿ.

ದೊಡ್ಡಪ್ಪ: ಸೆಕ್ಷನ್ 166 ಅಂತ ಅದರಲ್ಲೇ ಇದೆಯಲ್ಲ. ಸುಪ್ರೀಂ ಕೋರ್ಟ್ ಅಂತಲೂ ಇದೆ.

ಭಾವ: ಕೊರೊನಾ ಸಮಯದಲ್ಲಿ ಬಿಸಿನೀರಿನ ಮೆಸೇಜು ಕಳಿಸಿದ್ದಿರಿ. ಅದರಲ್ಲೂ ದೊಡ್ಡ ಡಾಕ್ಟರ ಹೆಸರಿತ್ತು.

ದೊಡ್ಡಪ್ಪ: ಅಳಿಯಂದಿರಿಗೆ ನಾನು ಏನು ಹೇಳಿದರೂ ಅನುಮಾನವೇ. ಸೈಟಿನ ವಿಷಯದಲ್ಲೂ ಹೀಗೇ ಮಾಡಿದಿರಿ.

ಭಾವ: ಸೈಟು ಈಗ ಯಾಕೆ ಬಂತು?

ಅಲ್ಲಿಂದ ಮುಂದೆ ಸೈಟೇ ಸೈಟು. ಕಾಗದ ಯಾರ ಹತ್ತಿರ ಇತ್ತು, ಅಜ್ಜಿಯ ಆಸ್ಪತ್ರೆ ಬಿಲ್ಲು ಯಾರು ಕಟ್ಟಿದರು, ಹಾಸನದ ಚಿಕ್ಕಪ್ಪ ಎಷ್ಟು ಕೊಟ್ಟರು, ಕೊಟ್ಟಿದ್ದನ್ನು ಎಷ್ಟು ಸಲ ಹೇಳಿಕೊಂಡರು. ನಾನು ವಕೀಲರೊಬ್ಬರ ಕಚೇರಿಯಲ್ಲಿ ಕೆಲಸ ಮಾಡುವವಳು. ಎಂವಿಸಿ, ಅಂದರೆ ವಾಹನ ಅಪಘಾತದ ಪರಿಹಾರ ಕೇಳುವ ಕೇಸುಗಳ ಕಾಗದ ದಿನವೂ ಕೈಗೆ ಬರುತ್ತವೆ. ಸುಮ್ನೆ ಇರಲು ಆಗಲಿಲ್ಲ.

ನಾನು: ದೊಡ್ಡಪ್ಪ, ಸೆಕ್ಷನ್ 166 ನಿಜ. 1988ರ ಮೋಟಾರು ವಾಹನ ಕಾಯ್ದೆಯಲ್ಲಿದೆ. ಆದರೆ ಅದು ಪರಿಹಾರಕ್ಕೆ ಯಾರು, ಎಲ್ಲಿ ಅರ್ಜಿ ಹಾಕಬಹುದು ಅಂತ ಹೇಳುತ್ತದೆ ಅಷ್ಟೆ. ಹತ್ತು ಪಟ್ಟು ಅಂತ ಎಲ್ಲೂ ಇಲ್ಲ. ಕೊಡುವುದು ಸರ್ಕಾರವೂ ಅಲ್ಲ. ತಪ್ಪು ಮಾಡಿದ ಗಾಡಿಯ ಮಾಲೀಕ, ಅವನ ಪರವಾಗಿ ವಿಮೆ ಕಂಪನಿ. ರಿಟರ್ನ್ ಇದ್ದರೆ ಆದಾಯಕ್ಕೆ ಒಳ್ಳೆ ಸಾಕ್ಷಿ. ಇಲ್ಲದಿದ್ದರೆ ಹಕ್ಕೇ ಹೋಗುತ್ತದೆ ಅನ್ನುವುದು ಸುಳ್ಳು.

ಭಾವ: ನೋಡಿ ಮಾವ.

ದೊಡ್ಡಪ್ಪ: ನೀನು ಹೇಳಿದ್ದಕ್ಕೆ ಪ್ರತಿ ಕೇಳಲಿಲ್ಲ ಇವರು. ನಾನು ಹಾಕಿದರೆ ಮಾತ್ರ ಕೇಳುತ್ತಾರೆ.

ಇಷ್ಟರಲ್ಲಿ ಅಣ್ಣ ಬಂದ. ಅವನು ಗುಂಪಿನಲ್ಲಿ ಬಾಯಿಬಿಟ್ಟರೆ ಅಜ್ಜಿ ಮನೆಯೇ. ತಾತ ಸಂತೆಯ ಲೆಕ್ಕವನ್ನು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುತ್ತಿದ್ದದ್ದು, ಒಂದೇ ಸೈಕಲ್ಲಿನಲ್ಲಿ ಮೂವರು ಹೋಗಿ ಬಿದ್ದದ್ದು. ಜೊತೆಗೆ ಒಂದು ಹಳೆಯ ಫೋಟೋ ಹಾಕಿದ. ಕೆರೆ ಏರಿ ಮೇಲೆ ನಾವೆಲ್ಲ ಸಾಲಾಗಿ ನಿಂತಿದ್ದೇವೆ. ತುದಿಯಲ್ಲಿ, ಚಡ್ಡಿ ಜೇಬಿನಲ್ಲಿ ಕೈ ಇಟ್ಟುಕೊಂಡು ನಿಂತವನು ಅರಸೀಕೆರೆ ಅತ್ತೆಯ ಮಗ. ಇಪ್ಪತ್ತೇಳನೇ ವಯಸ್ಸಿಗೆ ಲಾರಿ ಬಡಿದು ತೀರಿಕೊಂಡವನು. ಅಣ್ಣ ಅದನ್ನು ಯೋಚಿಸಿ ಹಾಕಿರಲಿಲ್ಲ. ಆದರೆ ಅತ್ತೆ ಆಗಲೇ ನೋಡಿಬಿಟ್ಟಿದ್ದರು.

ಅರಸೀಕೆರೆ ಅತ್ತೆ: ಇಷ್ಟು ಹೊತ್ತು ಓದುತ್ತಿದ್ದೆ. ಹತ್ತು ಪಟ್ಟು ಅಂತ ಬರೆದವನು ಕೋರ್ಟಿನ ಮೆಟ್ಟಿಲು ಹತ್ತಿಲ್ಲ.

ಯಾರೂ ಉತ್ತರ ಬರೆಯಲಿಲ್ಲ. ಅವರೇ ಮುಂದುವರಿಸಿದರು. ಅತ್ತೆ ಉದ್ದ ಬರೆಯುವವರಲ್ಲ, ಅವತ್ತು ಬರೆದರು.

ಅರಸೀಕೆರೆ ಅತ್ತೆ: ಮಗ ಸಂಬಳ ಬಂದ ದಿನ ದುಡ್ಡು ನನ್ನ ಕೈಗೇ ಕೊಡುತ್ತಿದ್ದ. ನಾನು ಅಡುಗೆಮನೆ ಡಬ್ಬಿಯಲ್ಲಿ ಇಡುತ್ತಿದ್ದೆ. ವಿಮೆ ಕಡೆ ವಕೀಲರು ಕೇಳಿದ್ದು ಒಂದೇ. ಕೊಡುತ್ತಿದ್ದ ಅನ್ನುವುದಕ್ಕೆ ದಾಖಲೆ ಏನು? ಡಬ್ಬಿ ತೋರಿಸಲು ಆಗುತ್ತಾ? ಕೊನೆಗೆ ನನ್ನ ಹೆಸರಿನಲ್ಲಿ ಅವನು ಕಟ್ಟುತ್ತಿದ್ದ ಪೋಸ್ಟ್ ಆಫೀಸಿನ ಆರ್‌ಡಿ ಪಾಸ್‌ಬುಕ್ ಸಿಕ್ಕಿತು. ಪ್ರತಿ ತಿಂಗಳ ಸೀಲು ಅದರಲ್ಲಿತ್ತು. ಅದನ್ನು ನೋಡಿದ ಮೇಲೆ ಅವರು ಆ ಪ್ರಶ್ನೆ ಬಿಟ್ಟರು.

ಹಾಸನದ ಚಿಕ್ಕಪ್ಪ: ಅಕ್ಕ, ಇದನ್ನೆಲ್ಲ ಆಗ ನಮಗೆ ಹೇಳಲೇ ಇಲ್ಲ.

ಅರಸೀಕೆರೆ ಅತ್ತೆ: ಹೇಳಿದ್ದೆ ಕಣೋ. ಸಾಕ್ಷಿ ಹೇಳುವ ದಿನ ಜೊತೆಗೆ ಬಾ ಅಂದಿದ್ದೆ. ನೀನು ಗೃಹಪ್ರವೇಶ ಇದೆ ಅಂದೆ.

ಹಾಸನದ ಚಿಕ್ಕಪ್ಪ: ಮುಹೂರ್ತ ಮೊದಲೇ ಇಟ್ಟಾಗಿತ್ತು ಅಕ್ಕ.

ದೊಡ್ಡಪ್ಪ: ಇದಕ್ಕೇ ನಾನು ಹೇಳುವುದು. ಹೆತ್ತ ಮಗನ ಜೀವಕ್ಕೆ ಲೆಕ್ಕ ಹಾಕುವುದು, ಅದಕ್ಕೆ ಕೋರ್ಟಿಗೆ ಹೋಗುವುದು, ನಮ್ಮ ಕಾಲದಲ್ಲಿ ಇರಲಿಲ್ಲ.

ಅರಸೀಕೆರೆ ಅತ್ತೆ: ಬೆಳಿಗ್ಗೆ ಲೆಕ್ಕ ಕಳಿಸಿದವರು ನೀವೇ ಅಲ್ವಾ ಅಣ್ಣ?

ನನಗೆ ತುಂಬಾ ಸಂಕಟವಾಯಿತು. ಕೋರ್ಟು ಜೀವಕ್ಕೆ ಬೆಲೆ ಕಟ್ಟುವುದಿಲ್ಲ, ಕಟ್ಟಲು ಆಗುವುದೂ ಇಲ್ಲ. ಆ ಮಗ ಇದ್ದಿದ್ದರೆ ಮನೆಗೆ ಎಷ್ಟು ಬರುತ್ತಿತ್ತು ಅಂತ ನೋಡುತ್ತದೆ. ಇದನ್ನು ಕೇಳಲು ಹೋದ ತಾಯಿಯನ್ನು ದುಡ್ಡಿನಾಸೆಯವಳು ಅನ್ನುವ ಹಾಗೆ ಮಾತಾಡುವುದು ಅನ್ಯಾಯ. ಅದನ್ನೇ ಗುಂಪಿನಲ್ಲಿ ಬರೆದೆ. ಜೊತೆಗೆ ಲೆಕ್ಕವನ್ನೂ ಬರೆದೆ, ಯಾಕೆಂದರೆ ತಂಗಿ ಕೇಳಿದ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿರಲಿಲ್ಲ.

ನಾನು: ಮದುವೆಯಾಗದ 27 ವರ್ಷದ ಮಗ ಅಥವಾ ಮಗಳು, ಕಾಯಂ ಕೆಲಸ, ತಿಂಗಳಿಗೆ 20,000 ರೂಪಾಯಿ ಅಂತಿಟ್ಟುಕೊಳ್ಳಿ. ವರ್ಷಕ್ಕೆ 2,40,000. ಮುಂದೆ ಸಂಬಳ ಏರುತ್ತಿತ್ತು ಅಂತ ಅದರ ಅರ್ಧ ಸೇರಿಸುತ್ತಾರೆ, 3,60,000 ಆಯಿತು. ಸ್ವಂತ ಕಸುಬು ಅಥವಾ ನಿಗದಿತ ಸಂಬಳವಾದರೆ ಸೇರಿಸುವುದು ಶೇ. 40. ಇದು 2017ರ ಪ್ರಣಯ್ ಸೇಥಿ ತೀರ್ಪು, ಸುಪ್ರೀಂ ಕೋರ್ಟಿನ ಐದು ನ್ಯಾಯಾಧೀಶರದ್ದು. ಆಮೇಲೆ ಸ್ವಂತ ಖರ್ಚು ಅಂತ ಅರ್ಧ ಕಳೆಯುತ್ತಾರೆ. ಉಳಿದದ್ದು 1,80,000. ಅದನ್ನು ವಯಸ್ಸಿಗೆ ತಕ್ಕ ಸಂಖ್ಯೆಯಿಂದ ಗುಣಿಸುತ್ತಾರೆ. 26ರಿಂದ 30ರವರೆಗೆ 17. ಒಟ್ಟು 30,60,000. ಅಂತ್ಯಕ್ರಿಯೆ, ಮಗುವಿನ ಪ್ರೀತಿ ಕಳೆದುಕೊಂಡದ್ದು, ಇವುಗಳಿಗೆ ಬೇರೆ ಸಣ್ಣ ಮೊತ್ತ ಇದೆ.

ಭಾವ: ಗುಣಿಸುವುದು ಯಾರ ವಯಸ್ಸಿಗೆ? ತಂದೆ ತಾಯಿಯದ್ದಲ್ವಾ? ಅವರು ಬದುಕಿರುವಷ್ಟು ದಿನ ತಾನೆ ನಷ್ಟ?

ಒಳ್ಳೆಯ ಪ್ರಶ್ನೆ. ವಿಮೆ ಕಂಪನಿಗಳೂ ವರ್ಷಗಟ್ಟಲೆ ಇದನ್ನೇ ವಾದಿಸಿದವು. ತಾಯಿಗೆ 55 ಅಂತಾದರೆ ಸಂಖ್ಯೆ 11. ಆಗ 19,80,000 ಮಾತ್ರ ಬರುತ್ತದೆ. ಹತ್ತು ಲಕ್ಷಕ್ಕೂ ಜಾಸ್ತಿ ಕಡಿಮೆ. ತೀರಿಕೊಂಡವರ ವಯಸ್ಸನ್ನೇ ನೋಡಬೇಕು ಅಂತ ಈಗ ಸುಪ್ರೀಂ ಕೋರ್ಟ್ ಖಚಿತ ಮಾಡಿದೆ. ಹಳೆಯ ವಾದವನ್ನು ಇನ್ನೂ ಯಾರಾದರೂ ಎತ್ತಿದರೆ ಹೆದರಬೇಕಿಲ್ಲ.

ನನಗೆ ಒಪ್ಪಿಗೆಯಾಗದ್ದು ಸ್ವಂತ ಖರ್ಚು ಅಂತ ಕಳೆಯುವ ಆ ಅರ್ಧ. 2009ರ ಸರಳಾ ವರ್ಮಾ ತೀರ್ಪಿನಲ್ಲಿ ಅದಕ್ಕೆ ಕಾರಣ ಇದೆ. ಮದುವೆಯಾಗದವರು ತಮಗೇ ಜಾಸ್ತಿ ಖರ್ಚು ಮಾಡಿಕೊಳ್ಳುತ್ತಾರೆ, ಬೇಗ ಮದುವೆಯಾದರೆ ಹೆತ್ತವರಿಗೆ ಕೊಡುವುದು ತೀರಾ ಕಡಿಮೆಯಾಗುತ್ತದೆ ಅಂತ. ಮದುವೆಯಾದ ಮೇಲೂ ಅಪ್ಪ ಅಮ್ಮನನ್ನು ಜೊತೆಗೇ ಇಟ್ಟುಕೊಂಡು ಸಾಕುವ ಮನೆಗಳು ನಮ್ಮಲ್ಲಿ ಎಷ್ಟಿಲ್ಲ? ತಂದೆಗೆ ಸ್ವಂತ ಆದಾಯ ಇರುತ್ತದೆ, ತಾಯಿ ಮಾತ್ರ ಅವಲಂಬಿತೆ, ಅಲ್ಲ ಅಂತಾದರೆ ಸಾಕ್ಷಿ ಕೊಡಿ ಅನ್ನುತ್ತದೆ ಅದೇ ತೀರ್ಪು. ವಿಧವೆ ತಾಯಿ, ದುಡಿಯದ ತಮ್ಮ ತಂಗಿಯರು ಇರುವ ದೊಡ್ಡ ಮನೆಯಾದರೆ ಅರ್ಧದ ಬದಲು ಮೂರನೇ ಒಂದು ಭಾಗ ಕಳೆಯಬಹುದು ಅಂತ ಒಂದು ಬಾಗಿಲು ಬಿಟ್ಟಿದ್ದಾರೆ. ಆ ಬಾಗಿಲು ಇನ್ನೂ ಅಗಲ ಆಗಬೇಕು. ನಿಜವಾಗಿ ಎಷ್ಟು ಕೊಡುತ್ತಿದ್ದ ಅಂತ ತೋರಿಸಿದ ತಾಯಿಗೂ, ಏನೂ ತೋರಿಸದವರಿಗೂ ಒಂದೇ ಕತ್ತರಿ ಯಾಕೆ?

ತಂಗಿ: ನಾನೂ ಅಮ್ಮನ ಕೈಗೇ ಕೊಡುತ್ತೇನೆ.

ಅರಸೀಕೆರೆ ಅತ್ತೆ: ಖಾತೆಗೆ ಹಾಕು ಪುಟ್ಟಿ. ನಿನಗೆ ಏನೂ ಆಗುವುದಿಲ್ಲ. ಆದರೂ ಖಾತೆಗೆ ಹಾಕು.

ದೊಡ್ಡಪ್ಪ: ಎಲ್‌ಐಸಿ ದುಡ್ಡು ಬಂದಿದ್ದರೆ ಇದರಲ್ಲಿ ಹಿಡಿದುಕೊಳ್ಳುತ್ತಾರಾ?

ನಾನು: ಇಲ್ಲ ದೊಡ್ಡಪ್ಪ. ಅದು ಅವನೇ ಕಂತು ಕಟ್ಟಿದ್ದು, ಅದನ್ನು ಕಳೆಯುವ ಹಾಗಿಲ್ಲ.

ಹಾಸನದ ಚಿಕ್ಕಪ್ಪ: ಗೃಹಪ್ರವೇಶದ ದಿನ ಊಟಕ್ಕೆ ಬಂದಿದ್ದವರು ಎಲ್ಲರೂ. ಈಗ ನನ್ನೊಬ್ಬನದೇ ತಪ್ಪಾ?

ಈ ಮಾತಿಗೆ ಯಾರೂ ಏನೂ ಅನ್ನಲಿಲ್ಲ. ಚಿಕ್ಕಪ್ಪ ಹೇಳಿದ್ದು ನಿಜವೇ. ಅತ್ತೆಯ ಜೊತೆ ಕೋರ್ಟಿಗೆ ನಮ್ಮಲ್ಲಿ ಯಾರೂ ಹೋಗಿರಲಿಲ್ಲ. ಆಮೇಲೆ ತುಮಕೂರು ಅತ್ತೆ ಬರೆದದ್ದು ಓದಿ ನನಗೆ ಗಾಬರಿಯಾಯಿತು.

ತುಮಕೂರು ಅತ್ತೆ: ನಮ್ಮ ಬೀದಿಯಲ್ಲಿ ಒಬ್ಬರ ಮಗ ಅಪಘಾತದಲ್ಲಿ ಹೋಗಿ ನಾಲ್ಕು ತಿಂಗಳು ದಾಟಿತು. ಈ ಮೆಸೇಜು ಅವರಿಗೂ ಮೊದಲೇ ಬಂದಿತ್ತಂತೆ. ರಿಟರ್ನ್ ಹಾಕಿದ್ದ, ಸರ್ಕಾರದ್ದು ತಾನಾಗೇ ಬರುತ್ತೆ ಅಂತ ಕಾಯುತ್ತಿದ್ದಾರೆ.

ನಾನು: ಅತ್ತೆ, ತಾನಾಗಿ ಏನೂ ಬರುವುದಿಲ್ಲ. ಕಾಯ್ದೆಯಲ್ಲಿ ಅಪಘಾತವಾದ ದಿನದಿಂದ ಆರು ತಿಂಗಳ ಗಡುವು ಇದೆ, 2022ರ ಏಪ್ರಿಲ್ 1ರಿಂದ. ಅದರ ಮೇಲೆ ಕೋರ್ಟಿನಲ್ಲಿ ತಕರಾರು ನಡೆದಿದೆ, ಆದರೆ ಅದನ್ನು ನಂಬಿ ಕೂರಬಾರದು. ಅಪಘಾತ ಎಲ್ಲೇ ಆಗಿರಲಿ, ತುಮಕೂರಿನಲ್ಲೇ ಅರ್ಜಿ ಹಾಕಬಹುದು.

ತುಮಕೂರು ಅತ್ತೆ: ಏನೇನು ತರಲು ಹೇಳಲಿ?

ನಾನು: ಎಫ್‌ಐಆರ್, ಪೋಸ್ಟ್‌ಮಾರ್ಟಂ ವರದಿ, ಚಾರ್ಜ್‌ಶೀಟ್ ಆಗಿದ್ದರೆ ಅದು. ಸಂಬಳದ ಚೀಟಿ, ರಿಟರ್ನ್, ಬ್ಯಾಂಕ್ ಸ್ಟೇಟ್‌ಮೆಂಟ್. ಮನೆಗೆ ದುಡ್ಡು ಕಳಿಸಿದ್ದಕ್ಕೆ ಏನಿದ್ದರೂ ಸರಿ, ಬಾಡಿಗೆ ಕಟ್ಟಿದ್ದು, ಔಷಧಿ ಬಿಲ್ಲು, ಚೀಟಿ ಪುಸ್ತಕ. ವಯಸ್ಸಿಗೆ ಆಧಾರ್ ಒಂದೇ ಸಾಲದು, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಅಥವಾ ಶಾಲೆಯ ಟಿಸಿ ಬೇಕು. 2024ರಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಕೇಸಿನಲ್ಲಿ ಆಧಾರ್ ಬಿಟ್ಟು ಶಾಲೆಯ ದಾಖಲೆಯನ್ನೇ ಒಪ್ಪಿತು.

ದೊಡ್ಡಪ್ಪ: ಇದನ್ನೆಲ್ಲ ಒಂದೇ ಮೆಸೇಜು ಮಾಡಿ ನನಗೆ ಕಳಿಸು. ಬೆಳಿಗ್ಗೆ ಹಾಕಿದ ಗುಂಪುಗಳಿಗೆಲ್ಲ ನಾನೇ ಹಾಕುತ್ತೇನೆ.

ತುಮಕೂರು ಅತ್ತೆ: ಸಂಜೆನೇ ಅವರ ಮನೆಗೆ ಹೋಗುತ್ತೇನೆ. ವಕೀಲರ ನಂಬರ್ ನನಗೆ ಬೇರೆ ಕಳಿಸು.

ಅರಸೀಕೆರೆ ಅತ್ತೆ: ಆ ತಾಯಿಯ ನಂಬರ್ ನನಗೆ ಕೊಡು. ಸಾಕ್ಷಿ ಹೇಳುವ ದಿನ ನಾನು ಬರುತ್ತೇನೆ.